ಜೊತೆ ಕೂತು ಬರೆಯುವುದು: ಜಾಲತಾಣದ ಬರಹಗಾರರ ಬಳಗಗಳು ಏನು ಕೊಡುತ್ತವೆ?

2025ರ ಮಾರ್ಚ್ 31ರಂದು ಅಮೆರಿಕದ ನ್ಯಾನೋರೈಮೋ ಸಂಸ್ಥೆ ತಾನು ಬಾಗಿಲು ಹಾಕುತ್ತಿರುವುದಾಗಿ ತಿಳಿಸಿತು. ನವೆಂಬರ್ ತಿಂಗಳ ಮೂವತ್ತು ದಿನದಲ್ಲಿ 50,000 ಪದಗಳ ಕಾದಂಬರಿಯ ಕರಡೊಂದನ್ನು ಮುಗಿಸಬೇಕು, ಅದನ್ನೂ ಕಂಡು ಕೇಳರಿಯದ ಜನರ ಜೊತೆ ದಿನದಿನದ ಪದಗಳ ಲೆಕ್ಕ ಒಪ್ಪಿಸುತ್ತ ಮುಗಿಸಬೇಕು. ಇಷ್ಟೇ ಅದರ ಆಟ. 1999ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 21 ಜನ ಇದನ್ನು ಹುಡುಗಾಟಕ್ಕೆ ಶುರುಮಾಡಿದರು. ಗುರಿ ಮುಟ್ಟಿದವರು 6 ಜನ. ಮೂರನೆಯ ವರ್ಷ ನೂರೈವತ್ತು ಜನ ಬಂದಾರೆಂದು ಅದನ್ನು ಹುಟ್ಟುಹಾಕಿದ ಕ್ರಿಸ್ ಬೇಟಿ ಅಂದುಕೊಂಡಿದ್ದರೆ ಐದು ಸಾವಿರ ಜನ ಹೆಸರು ಬರೆಸಿದರು. ಆಮೇಲೆ ಲಕ್ಷಗಟ್ಟಲೆ. ಸಾರಾ ಗ್ರೂಯೆನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’, ಎರಿನ್ ಮಾರ್ಗೆನ್‌ಸ್ಟರ್ನ್ ಅವರ ‘ದ ನೈಟ್ ಸರ್ಕಸ್’ ಕಾದಂಬರಿಗಳ ಮೊದಲ ಕರಡು ಹುಟ್ಟಿದ್ದು ಇಂಥ ನವೆಂಬರುಗಳಲ್ಲಿ. ಇಪ್ಪತ್ತೈದು ವರ್ಷ ಜನರನ್ನು ಬರೆಯಲು ಕೂರಿಸಿದ ಬಳಗವೊಂದು ಹೀಗೆ ಮುಗಿದುಹೋಯಿತು.

ಈ ನಡುವೆ ಕನ್ನಡದಲ್ಲೂ ಬರಹಗಾರರ ಬಳಗಗಳು ಫೇಸ್‌ಬುಕ್, ವಾಟ್ಸಾಪ್, ಪ್ರತಿಲಿಪಿಗಳ ತುಂಬ ಹಬ್ಬಿವೆ. ಅವುಗಳ ಬಗ್ಗೆ ಎರಡೇ ಮಾತು ಕೇಳಿಬರುತ್ತವೆ. ಅವು ಇಲ್ಲದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ ಎನ್ನುವವರು ಒಂದು ಕಡೆ. ಅವುಗಳಿಂದಲೇ ಸಾಹಿತ್ಯ ಕೆಟ್ಟಿತು ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ಆಧಾರಗಳಿವೆ, ಪ್ರಯೋಗಗಳೂ ಇವೆ. ಆದರೆ ಜಗಳವಾಡುವಾಗ ಹೆಚ್ಚಿನವರು ಒಂದು ವಿವರವನ್ನು ಕೈಬಿಡುತ್ತಾರೆ. ಬರಹದ ಯಾವ ಹೊತ್ತಿನಲ್ಲಿ ಬೇರೆಯವರು ಒಳಗೆ ಬಂದರು? ಬರೆಯುವ ಮುಂಚೆಯೇ? ಬರೆಯುತ್ತಿರುವಾಗ? ಬರೆದು ಹಾಕಿದ ಮೇಲೆ? ಈ ಮೂರನ್ನು ಬೇರೆಬೇರೆ ಇಟ್ಟು ನೋಡಿದರೆ ಜಗಳ ಅರ್ಧದಷ್ಟು ತಗ್ಗುತ್ತದೆ ಎಂಬುದು ನನ್ನ ಅಂದಾಜು. ಉಳಿದರ್ಧದ ಮಾತು ಕೊನೆಗೆ.

ಅಟ್ಟ, ಅಂಚೆ, ಗೆಳೆಯರ ಗುಂಪು

ಬರಹಗಾರರು ಗುಂಪು ಕಟ್ಟುವುದಕ್ಕೆ ಇಂಟರ್ನೆಟ್ಟಿಗಾಗಿ ಕಾದು ಕೂತಿರಲಿಲ್ಲ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪಿನಲ್ಲಿ ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ ಇದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಊರಿನ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದಿಟ್ಟುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಒಂದು ಸಣ್ಣ ಹಳ್ಳಿ, ನಾಲ್ಕಾರು ಗೆಳೆಯರು, ಕೈಯಲ್ಲಿ ಎಲ್ಲರೂ ಸೇರಿ ಮಾಡುವ ಒಂದು ಕೆಲಸ. ಬಳಗವೊಂದು ಬಾಳಲು ಪರಸ್ಪರ ಹೊಗಳಿಕೆಗಿಂತ ಇಂಥ ಕೆಲಸ ಮುಖ್ಯ ಎಂಬುದಕ್ಕೆ ಹಲಸಂಗಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇನ್ನೊಂದು ಬಗೆ. ಜಿ. ಬಿ. ಜೋಶಿಯವರ ಆ ಅಟ್ಟದ ಮೇಲೆ ಮಾತು, ಚಹಾ, ಹಸ್ತಪ್ರತಿ ಮೂರೂ ಒಟ್ಟಿಗೆ ನಡೆಯುತ್ತಿದ್ದವು. ಕನ್ನಡದಲ್ಲಿ ಗಟ್ಟಿ ಐತಿಹಾಸಿಕ ನಾಟಕಗಳಿಲ್ಲ ಎಂಬ ಕೀರ್ತಿನಾಥ ಕುರ್ತಕೋಟಿಯವರ ಟೀಕೆ ತಮ್ಮನ್ನು ‘ತುಘಲಕ್’ ಕಡೆಗೆ ತಿರುಗಿಸಿತೆಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. ಗಮನಿಸಬೇಕು, ಅದು ಮೆಚ್ಚುಗೆಯ ಮಾತಲ್ಲ, ಕೊರತೆಯನ್ನು ಎತ್ತಿ ತೋರಿಸಿದ ಮಾತು. ದೂರದ ಆಕ್ಸ್‌ಫರ್ಡಿನಲ್ಲಿ ಇಂಕ್ಲಿಂಗ್ಸ್ ಗೆಳೆಯರು ಒಬ್ಬರ ಕರಡನ್ನು ಒಬ್ಬರಿಗೆ ಓದಿ ಹೇಳುತ್ತಿದ್ದರು. ಸಿ. ಎಸ್. ಲೂಯಿಸ್ ಬೆನ್ನುಬಿದ್ದಿರದಿದ್ದರೆ ‘ಲಾರ್ಡ್ ಆಫ್ ದ ರಿಂಗ್ಸ್’ ಮುಗಿಯುತ್ತಲೇ ಇರಲಿಲ್ಲ ಎಂದು ಟೋಲ್ಕಿನ್ ಪತ್ರಗಳಲ್ಲಿ ಬರೆದಿದ್ದಾರೆ. ಅದೇ ಬಳಗದ ಹ್ಯೂಗೊ ಡೈಸನ್‌ಗೆ ಆ ಕಥೆ ಕಿವಿಗೆ ಬಿದ್ದರೆ ಸಾಕು, ಸಿಡಿಮಿಡಿ. ಅವರು ಬಂದ ದಿನ ಓದು ನಿಂತುಹೋಗುವಷ್ಟು. ಬಳಗವೆಂದರೆ ಎಲ್ಲರೂ ಬೆನ್ನು ತಟ್ಟುವ ಜಾಗವಾಗಿತ್ತು ಎಂದು ಹಿಂದಿನ ಕಾಲವನ್ನು ನೆನೆದು ಮರುಗುವವರು ಡೈಸನ್ ಮಹಾಶಯರನ್ನು ಮರೆಯಬಾರದು.

ಈ ಬಳಗಗಳ ಬಾಗಿಲು ಕಿರಿದಾಗಿತ್ತು. ಊರಿನಲ್ಲಿರಬೇಕು, ಸಂಜೆ ಬಿಡುವಿರಬೇಕು, ಮನೆಯಿಂದ ಹೊರಬೀಳಲು ಯಾರ ಅಪ್ಪಣೆಯೂ ಬೇಕಿರಬಾರದು. ಅಂದರೆ ಹೆಚ್ಚಾಗಿ ಓದಿದ ಗಂಡಸರು. ಈ ಬಾಗಿಲನ್ನು ಅಗಲಿಸಿದ್ದು ಅಂಚೆ ಮತ್ತು ಪತ್ರಿಕೆ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯಲ್ಲಿ ಕಾಸರಗೋಡು ಮೂಲದ ಸಾರಾ ಅಬೂಬಕ್ಕರ್, ಹಾಸನದ ಬಾನು ಮುಷ್ತಾಕ್ ಬರೆದರು, ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಒಬ್ಬರನ್ನೊಬ್ಬರು ದಿನವೂ ನೋಡದ ಬರಹಗಾರರು ಒಂದೇ ಪುಟಗಳಲ್ಲಿ ಭೇಟಿಯಾಗುವುದು, ಓದುಗರ ಪತ್ರಗಳಿಂದ ಧೈರ್ಯ ಪಡೆಯುವುದು ಇವತ್ತಿನ ಜಾಲತಾಣದ ಬಳಗಕ್ಕೆ ತೀರ ಹತ್ತಿರದ ಹಿರಿಯ ರೂಪ. ಒಂದೇ ವ್ಯತ್ಯಾಸ, ನಡುವೆ ಒಬ್ಬ ಸಂಪಾದಕ ಕೂತಿದ್ದ.

ಪರದೆಗೆ ಬಂದ ಬಳಗ

ಕನ್ನಡ ಜಾಲಕ್ಕೆ ಬಂದ ಕಥೆ ಅಕ್ಷರದ ತೊಡಕಿನ ಕಥೆಯೂ ಹೌದು. 1998ರಲ್ಲಿ ‘ಬರಹ’ ತಂತ್ರಾಂಶ ಬಂದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಒತ್ತುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಯೂನಿಕೋಡ್ ನೆಲೆಗೊಂಡ ಮೇಲೆ 2005ರ ಹೊತ್ತಿಗೆ ‘ಸಂಪದ’, ಮುಂದೆ ‘ಕೆಂಡಸಂಪಿಗೆ’, ‘ಅವಧಿ’ಯಂಥ ತಾಣಗಳಲ್ಲಿ ಬರಹಗಾರರು ಒಬ್ಬರನ್ನೊಬ್ಬರು ಕಂಡುಕೊಂಡರು. ಆಗ ಬರೆಯುತ್ತಿದ್ದವರಲ್ಲಿ ಸಾಫ್ಟ್‌ವೇರ್ ಕೆಲಸದವರು, ಹೊರದೇಶದಲ್ಲಿದ್ದವರು ಹೆಚ್ಚು; ಕಂಪ್ಯೂಟರ್ ಇದ್ದದ್ದೇ ಅವರ ಮುಂದೆ. 2010ರ ದಶಕದಲ್ಲಿ ಫೋನಿನ ಪರದೆಯ ಮೇಲೆ ಕನ್ನಡ ಸರಿಯಾಗಿ ಮೂಡತೊಡಗಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅಲ್ಲಿಂದ ಬರೆಯುವವರ ಪಟ್ಟಿ ಪೂರಾ ಬದಲಾಯಿತು. ಶಾಲಾ ಶಿಕ್ಷಕರು, ಗೃಹಿಣಿಯರು, ನಿವೃತ್ತ ನೌಕರರು, ಪೊಲೀಸರು, ಕಾಲೇಜು ಹುಡುಗರು ಒಳಗೆ ಬಂದರು.

ಇಂಗ್ಲಿಷಿನ ಲೋಕದಲ್ಲಿ ಇದೇ ಕಾಲಕ್ಕೆ ಟ್ವಿಟರ್ ಬರಹಗಾರರ ಕಟ್ಟೆಯಾಗಿತ್ತು. ‘ಆಮ್‌ರೈಟಿಂಗ್’ ಎಂಬ ಹ್ಯಾಶ್‌ಟ್ಯಾಗ್ ಹಿಡಿದು ಈಗ ಬರೆಯಲು ಕೂತಿದ್ದೇನೆ ಎಂದು ಸಾರುವುದು ಅಲ್ಲಿನ ವಾಡಿಕೆ. ಬೆಳಗಿನ ಐದಕ್ಕೆ ಏಳುವವರಿಗೊಂದು ಹ್ಯಾಶ್‌ಟ್ಯಾಗ್ ಬೇರೆ. 2018ರಲ್ಲಿ ಕಾದಂಬರಿಕಾರ್ತಿ ಜೇಮಿ ಅಟೆನ್‌ಬರ್ಗ್ ಬೇಸಿಗೆಯಲ್ಲಿ ಎರಡು ವಾರ ದಿನಕ್ಕೆ 1,000 ಪದ ಬರೆಯುವ ಪಂಥ ಹಾಕಿದರು. ಗೆಳತಿಯ ಜೊತೆಗಿನ ಒಪ್ಪಂದವಾಗಿ ಶುರುವಾದದ್ದಕ್ಕೆ ಸಾವಿರಾರು ಜನ ಸೇರಿಕೊಂಡರು. 2006ರಲ್ಲಿ ಟೊರಾಂಟೊದಲ್ಲಿ ಹುಟ್ಟಿದ ವಾಟ್‌ಪ್ಯಾಡ್‌ನಲ್ಲಿ ಕಥೆಯನ್ನು ಅಧ್ಯಾಯ ಅಧ್ಯಾಯವಾಗಿ ಹಾಕಿ, ಓದುಗರು ಏನೆನ್ನುತ್ತಾರೆ ನೋಡಿ ಮುಂದುವರಿಸುವ ರೂಢಿ ಬೆಳೆಯಿತು. 2014ರಲ್ಲಿ ಶುರುವಾದ ಬೆಂಗಳೂರಿನ ಪ್ರತಿಲಿಪಿ ಅದೇ ಬಗೆಯ ಓದು–ಬರಹವನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ತಂದಿತು.

ಇವೆಲ್ಲವನ್ನೂ ‘ಸೋಶಿಯಲ್ ಮೀಡಿಯಾ’ ಎಂದು ಒಂದೇ ಮೂಟೆಯಲ್ಲಿ ಕಟ್ಟುವುದರಿಂದಲೇ ಗೊಂದಲ ಶುರುವಾಗುತ್ತದೆ. ಪದಗಳ ಲೆಕ್ಕ ಒಪ್ಪಿಸುವ ಬಳಗ ಬೇರೆ, ಅಧ್ಯಾಯ ಓದಿ ಅಭಿಪ್ರಾಯ ಬರೆಯುವ ಬಳಗ ಬೇರೆ, ಮುಗಿದ ಕವಿತೆಯ ಕೆಳಗೆ ಹೃದಯದ ಚಿತ್ರ ಅಂಟಿಸುವ ಬಳಗ ಇನ್ನೂ ಬೇರೆ.

ನೋಡುವವರಿದ್ದರೆ ಕೈ ಓಡುತ್ತದೆ

ಒಂದು ಪಂಥದವರ ಪ್ರಕಾರ ಬರವಣಿಗೆಯ ದೊಡ್ಡ ಶತ್ರು ಪ್ರತಿಭೆಯ ಕೊರತೆಯಲ್ಲ, ಕೂರದಿರುವುದು. ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ನಾವೂ ಕೂರುತ್ತೇವೆ. ಈ ಯೋಚನೆಗೆ ಶತಮಾನ ದಾಟಿದ ಚರಿತ್ರೆಯಿದೆ. 1898ರಲ್ಲಿ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಸವಾರರು ಒಂಟಿಯಾಗಿ ಓಡಿಸುವುದಕ್ಕಿಂತ ಜೊತೆಯವರಿದ್ದಾಗ ಬೇಗ ಓಡಿಸುತ್ತಾರೆಂದು ತೋರಿಸಿದರು. 1965ರಲ್ಲಿ ರಾಬರ್ಟ್ ಝಾಯೋನ್ಸ್ ಅದಕ್ಕೊಂದು ತಿದ್ದುಪಡಿ ತಂದರು. ಬೇರೆಯವರ ಇರವು ಚೆನ್ನಾಗಿ ರೂಢಿಯಾದ ಕೆಲಸವನ್ನು ಚುರುಕುಗೊಳಿಸುತ್ತದೆ. ಹೊಸದಾಗಿ ಕಲಿಯುತ್ತಿರುವ, ತೊಡಕಿನ ಕೆಲಸವನ್ನು ಕೆಡಿಸುತ್ತದೆ. ಬರಹಗಾರರಿಗೆ ಇದರಲ್ಲಿ ಬೇಕಾದಷ್ಟು ಪಾಠವಿದೆ. ಬರೆದು ರೂಢಿಯಿದ್ದವರು ಜೂಮಿನಲ್ಲಿ ಹತ್ತು ಜನರ ಜೊತೆ ಮೌನವಾಗಿ ಕೂತು ಕರಡು ಓಡಿಸಬಹುದು. ಅದೇ ಕರಡಿನ ಮೂರನೆಯ ಅಧ್ಯಾಯ ಯಾಕೆ ನಿಲ್ಲುತ್ತಿಲ್ಲ ಎಂದು ಯೋಚಿಸಲು ಬಾಗಿಲು ಹಾಕಿಕೊಳ್ಳಬೇಕಾಗಬಹುದು.

ಈ ಪಂಥದ ಗಟ್ಟಿ ಆಳು ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್. ಬರೆಯಲಾಗದೆ ಒದ್ದಾಡುವ ಅಧ್ಯಾಪಕರ ಮೇಲೆ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಸ್ವಾರಸ್ಯದ್ದು. ಒಂದು ಗುಂಪಿಗೆ, ತುರ್ತಿದ್ದರೆ ಹೊರತು ಬರೆಯಬೇಡಿ ಎಂದರು. ಎರಡನೆಯ ಗುಂಪಿಗೆ, ಮನಸ್ಸು ಬಂದಾಗ ಬರೆಯಿರಿ ಎಂದರು. ಮೂರನೆಯ ಗುಂಪಿನವರು ಗೊತ್ತಾದ ಹೊತ್ತಿಗೆ ಬರೆಯಲೇಬೇಕು, ತಪ್ಪಿದರೆ ತಮಗೆ ಆಗದ ಸಂಸ್ಥೆಯೊಂದಕ್ಕೆ ಅವರ ಹಣ ಹೋಗುತ್ತದೆ. ಮೂರನೆಯವರು ಹೆಚ್ಚು ಪುಟ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಯೋಚನೆಗಳು ಹೊಳೆದದ್ದೂ ಅವರಿಗೇ ಹೆಚ್ಚು, ದಿನಕ್ಕೊಂದರಂತೆ. ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಕಾದವರಿಗೆ ಐದು ದಿನಕ್ಕೊಂದು. ಸ್ಫೂರ್ತಿ ಬಂದಾಗ ಬರೆಯುತ್ತೇನೆ ಎನ್ನುವವರಿಗೆ ಇದು ಅಷ್ಟೇನೂ ಸಿಹಿ ಸುದ್ದಿಯಲ್ಲ. ಆದರೆ ಬಾಯ್ಸ್ ಅವರ ಜನ ಬರೆಯುತ್ತಿದ್ದದ್ದು ಸಂಶೋಧನಾ ಲೇಖನ, ಕವಿತೆಯಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ಎಚ್ಚರ ಬೇಕು.

ಚಪ್ಪಾಳೆಯ ಭಯ

ಎದುರು ಪಂಥದವರ ಆಧಾರ ತೆರೇಸಾ ಅಮಾಬಿಲೆ ಅವರ 1985ರ ಅಧ್ಯಯನ. ಇಲ್ಲಿ ಪ್ರಯೋಗಕ್ಕೆ ಒಳಗಾದವರು ನಿಜವಾಗಿಯೂ ಕಥೆ ಕವಿತೆ ಬರೆಯುತ್ತಿದ್ದ 72 ಮಂದಿ. ಎಲ್ಲರೂ ಮೊದಲು ಒಂದು ಪುಟ್ಟ ಕವಿತೆ ಬರೆದರು. ಆಮೇಲೆ ಒಂದು ಗುಂಪಿಗೆ, ತಾವು ಯಾಕೆ ಬರೆಯುತ್ತೇವೆ ಎಂಬುದಕ್ಕೆ ಹೊರಗಿನ ಕಾರಣಗಳ ಪಟ್ಟಿಯನ್ನು, ಅಂದರೆ ಹೆಸರು, ಹಣ, ಇತರರ ಮೆಚ್ಚುಗೆ ಇಂಥವನ್ನು, ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು. ಇನ್ನೊಂದು ಗುಂಪಿಗೆ ಬರವಣಿಗೆಯ ಒಳಗಿನ ಖುಷಿಗೆ ಸೇರಿದ ಕಾರಣಗಳ ಪಟ್ಟಿ. ಮತ್ತೆ ಒಂದು ಕವಿತೆ. ಕವಿಗಳೇ ತೀರ್ಪುಗಾರರಾಗಿ ಓದಿದಾಗ, ಹೊರಗಿನ ಕಾರಣಗಳ ಬಗ್ಗೆ ಯೋಚಿಸಿದವರ ಎರಡನೆಯ ಕವಿತೆ ಸೊರಗಿತ್ತು. ಕೆಲವೇ ನಿಮಿಷದ ಯೋಚನೆ ಇಷ್ಟು ಮಾಡಿದರೆ, ದಿನವಿಡೀ ಲೈಕುಗಳ ಎಣಿಕೆ ಕಣ್ಣೆದುರಿಗಿರುವ ಪರದೆ ಏನು ಮಾಡೀತು ಎಂಬುದು ಈ ಪಂಥದವರ ಪ್ರಶ್ನೆ. ಇದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಅವರು ಅಷ್ಟಾಗಿ ಹೇಳುವುದಿಲ್ಲ: ಒಳಗಿನ ಖುಷಿಯನ್ನು ನೆನೆದವರ ಕವಿತೆ ಸುಧಾರಿಸಲೂ ಇಲ್ಲ.

ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂದದ್ದು 2009ರಲ್ಲಿ. 2021ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಲಿಂಡ್‌ಸ್ಟ್ರೋಮ್ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಮಿಕ್ಕಿದ ಪೋಸ್ಟುಗಳನ್ನು ಪರಿಶೀಲಿಸಿ, ಜನ ಎಷ್ಟು ಬೇಗ ಮುಂದಿನ ಪೋಸ್ಟು ಹಾಕುತ್ತಾರೆ ಎಂಬುದು ಬಂದ ಲೈಕುಗಳಿಗೆ ತಕ್ಕಂತೆ ಏರಿಳಿಯುತ್ತದೆ, ಕಾಳಿಗಾಗಿ ಸನ್ನೆ ಒತ್ತುವ ಪ್ರಯೋಗಶಾಲೆಯ ಪ್ರಾಣಿಗಳ ನಡವಳಿಕೆಯ ಲೆಕ್ಕ ಇದಕ್ಕೂ ಹೊಂದುತ್ತದೆ ಎಂದರು. ಕನ್ನಡದ ಫೇಸ್‌ಬುಕ್ ಗುಂಪುಗಳಲ್ಲಿ ಅಡ್ಡಾಡಿದವರಿಗೆ ಇದನ್ನು ನಂಬಲು ಅಧ್ಯಯನ ಬೇಕಿಲ್ಲ. ದಿನಕ್ಕೊಂದು ವಿಷಯ, ಸಂಜೆಗೆ ನೂರು ಚುಟುಕು, ಪ್ರತಿಯೊಂದಕ್ಕೂ ‘ಸೂಪರ್ ಸರ್’, ‘ತುಂಬಾ ಚೆನ್ನಾಗಿದೆ ಮೇಡಂ’, ವಾರದ ಕೊನೆಗೆ ಬಣ್ಣದ ಅಂಚಿನ ಇ-ಪ್ರಮಾಣಪತ್ರ. ನೀನು ನನ್ನದಕ್ಕೆ ಮೆಚ್ಚುಗೆ ಹಾಕು, ನಾನು ನಿನ್ನದಕ್ಕೆ ಹಾಕುತ್ತೇನೆ ಎಂಬ ಮುಯ್ಯಿಯ ವ್ಯವಹಾರ. ಮದುವೆ ಮನೆಯ ಮುಯ್ಯಿಗಾದರೂ ಪುಸ್ತಕದಲ್ಲಿ ಲೆಕ್ಕವಿರುತ್ತದೆ.

ಇನ್ನೊಂದು ಅಪಾಯ ಬರೆಯುವ ಮುಂಚಿನದು. ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ತಾವು ಏನಾಗಬೇಕೆಂದಿದ್ದೇವೋ ಅದಕ್ಕೆ ಸೇರಿದ ಸಂಕಲ್ಪವನ್ನು ಬೇರೆಯವರು ಕೇಳಿ ಗುರುತಿಸಿದರೆ, ಜನ ಆಮೇಲೆ ಅದಕ್ಕಾಗಿ ಕಡಿಮೆ ದುಡಿಯುತ್ತಾರೆ. ಹೇಳಿಕೊಂಡದ್ದರಲ್ಲೇ ಅರ್ಧ ಆದಂತೆ ಅನ್ನಿಸುವುದು ಇದಕ್ಕೆ ಅವರು ಕೊಡುವ ವಿವರಣೆ. ಬೇಸರದ ಸಂಗತಿಯೆಂದರೆ ಇದು ಹೆಚ್ಚು ತಟ್ಟಿದ್ದು ಆ ಗುರಿಯನ್ನು ಮನಸಾರೆ ಹಚ್ಚಿಕೊಂಡವರಿಗೇ. ‘ನನ್ನ ಮುಂದಿನ ಕಾದಂಬರಿ, ಶೀಘ್ರದಲ್ಲಿ’ ಎಂದು ಮುಖಪುಟದ ಚಿತ್ರವನ್ನೂ ಹಾಕಿ ಇನ್ನೂರು ಶುಭಾಶಯ ಪಡೆದು, ಮೊದಲ ಅಧ್ಯಾಯದಾಚೆ ದಾಟದ ಕಾದಂಬರಿಗಳ ಪಟ್ಟಿಯನ್ನು ಯಾರಾದರೂ ಮಾಡಬೇಕು.

ಬಾಯ್ಸ್ ಮತ್ತು ಗೋಲ್‌ವಿಟ್ಸರ್ ಒಬ್ಬರನ್ನೊಬ್ಬರು ಅಲ್ಲಗಳೆಯುತ್ತಾರೆಯೇ? ನನಗೆ ಹಾಗೆ ಕಾಣುವುದಿಲ್ಲ. ಬಾಯ್ಸ್ ಅವರಲ್ಲಿ ಹೊರಗಿನ ಕಣ್ಣು ನೆಟ್ಟಿರುವುದು ಇವತ್ತು ಕೂತೆಯಾ ಎಂಬುದರ ಮೇಲೆ. ಗೋಲ್‌ವಿಟ್ಸರ್ ಅವರಲ್ಲಿ ಅದು ಬಿದ್ದಿರುವುದು ಯಾರಾಗುತ್ತೀಯೆ ಎಂಬುದರ ಮೇಲೆ. ಹ್ಯಾಶ್‌ಟ್ಯಾಗ್ ಹಾಕಿ ‘ಇವತ್ತು 800 ಪದ’ ಎನ್ನುವುದೂ, ‘ನಾನೀಗ ಕಾದಂಬರಿಕಾರ’ ಎನ್ನುವುದೂ ಒಂದೇ ಗೋಡೆಯ ಮೇಲೆ ಬರುವುದರಿಂದ ಒಂದೇ ಎನಿಸುತ್ತವೆ, ಅಷ್ಟೇ.

ಗುಂಪೇ ಗುರು

ಮೂರನೆಯ ನೆಲೆ ಕಲಿಕೆಯದು. ಸೆಸಿಲಿಯಾ ಅರಾಗಾನ್ ಮತ್ತು ಕೇಟಿ ಡೇವಿಸ್ 2019ರ ತಮ್ಮ ಪುಸ್ತಕದಲ್ಲಿ ಅಭಿಮಾನಿ ಕಥೆಗಳ ಲೋಕವನ್ನು, ಅಂದರೆ ಹ್ಯಾರಿ ಪಾಟರ್‌ನಂಥ ಕೃತಿಗಳ ಪಾತ್ರಗಳನ್ನಿಟ್ಟುಕೊಂಡು ಹದಿಹರೆಯದವರು ಬರೆದು ಜಾಲದಲ್ಲಿ ಹಾಕುವ ಕಥೆಗಳನ್ನು, ಅಳೆದು ನೋಡಿದರು. ಒಬ್ಬ ಗುರು ಒಬ್ಬ ಶಿಷ್ಯನಿಗೆ ಕಲಿಸುವ ಬದಲು ಸಾವಿರ ಜನ ಒಂದೊಂದು ಚೂರು ಕಲಿಸುತ್ತಾರೆ ಎಂಬುದು ಅವರ ವಾದ. ಒಂದು ಪ್ರತಿಕ್ರಿಯೆ ಏನೂ ಅಲ್ಲ. ನೂರು ಸೇರಿದಾಗ ಕಥೆಯ ಯಾವ ಜಾಗದಲ್ಲಿ ಓದುಗ ಎಡವುತ್ತಾನೆ ಎಂಬುದು ತಿಳಿಯುತ್ತದೆ. 650 ಪ್ರತಿಕ್ರಿಯೆ ಪಡೆದ ಬರಹಗಾರರ ಪದವೈವಿಧ್ಯ, ಒಂದು ವರ್ಷ ವಯಸ್ಸು ಹೆಚ್ಚಾದಾಗ ಬೆಳೆಯುವಷ್ಟು ಬೆಳೆದಿರುತ್ತದೆ ಎಂದು ಅವರ ಲೆಕ್ಕ. ಎರಡೂ ಒಟ್ಟಿಗೆ ಕಂಡವು ಎನ್ನುವುದು ಒಂದರಿಂದ ಇನ್ನೊಂದಾಯಿತು ಎನ್ನುವುದಕ್ಕೆ ಸಮವಲ್ಲ. ಚೆನ್ನಾಗಿ ಬರೆಯುವವರಿಗೇ ಪ್ರತಿಕ್ರಿಯೆ ಹೆಚ್ಚು ಬಂದಿರಬಹುದು. ಆದರೂ ಇಲ್ಲೊಂದು ಮುಖ್ಯ ವಿಷಯವಿದೆ. ಆ ಪ್ರತಿಕ್ರಿಯೆಗಳು ಬರುತ್ತಿದ್ದದ್ದು ಕಥೆ ಇನ್ನೂ ನಡೆಯುತ್ತಿರುವಾಗ, ಮುಂದಿನ ಅಧ್ಯಾಯ ಕೈಯಲ್ಲಿರುವಾಗ.

ಕನ್ನಡದಲ್ಲಿ ಈ ನೆಲೆಗೆ ಅತ್ಯುತ್ತಮ ಸಾಕ್ಷಿ ಛಂದಸ್ಸಿನ ಬಳಗಗಳು ಎನ್ನುವುದು ವಿಚಿತ್ರವೆನಿಸಬಹುದು. ಆಧುನಿಕ ತಂತ್ರಜ್ಞಾನದಲ್ಲಿ ಮುಕ್ತಛಂದವೇ ಮೆರೆಯಬೇಕಿತ್ತಲ್ಲವೇ? ‘ಪದ್ಯಪಾನ’ ಎಂಬ ಬಳಗ 2010ರ ದಶಕದ ಆರಂಭದಿಂದ ಅವಧಾನದ ಆಟಗಳನ್ನೇ, ಅಂದರೆ ಸಮಸ್ಯಾಪೂರಣ, ದತ್ತಪದಿ, ಚಿತ್ರ ನೋಡಿ ಪದ್ಯ ಕಟ್ಟುವುದು ಇವನ್ನೇ, ಜಾಲದಲ್ಲಿ ವಾರದ ಪಾಠವಾಗಿ ಇಟ್ಟಿತು. ಒಬ್ಬರು ಕಂದ ಬರೆದರೆ ಇನ್ನೊಬ್ಬರು ಮೂರನೆಯ ಪಾದದಲ್ಲಿ ಒಂದು ಮಾತ್ರೆ ಮಿಕ್ಕಿದೆ ಎನ್ನುತ್ತಾರೆ. ತಿದ್ದಿ ಹಾಕುತ್ತಾರೆ. ಯಾರ ಮನಸ್ಸೂ ನೋಯುವುದಿಲ್ಲ. ಹಾಗೆಯೇ ಶಾಂತರಸರು ಕನ್ನಡಕ್ಕೆ ತಂದು ನೆಲೆಗೊಳಿಸಿದ ಗಜಲ್ ಈಗ ವಾಟ್ಸಾಪ್ ಗುಂಪುಗಳಲ್ಲಿ ಬೆಳೆಯುತ್ತಿದೆ. ಕಾಫಿಯಾ (ಪ್ರಾಸ) ತಪ್ಪಿದೆ, ರದೀಫ್ (ಪ್ರಾಸದ ನಂತರ ಮರಳಿ ಬರುವ ಪದ) ಒಂದೇ ಇರಲಿ ಎಂದು ಬಲ್ಲವರು ಹೇಳುತ್ತಾರೆ, ಕಲಿಯುವವರು ತಿದ್ದಿಕೊಳ್ಳುತ್ತಾರೆ. ಸರಿ ತಪ್ಪನ್ನು ಎಣಿಸಿ ತೋರಿಸಬಹುದಾದ ಪ್ರಕಾರದಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಸಲೀಸಾಗಿ ತಿದ್ದಬಲ್ಲರು. ಸಣ್ಣಕಥೆಗೆ ಅಂಥ ಅಳತೆಗೋಲಿಲ್ಲ. ಕಥೆ ಕೃತಕವಾಗಿದೆ ಎಂದು ಹೇಳಲು ಸಲಿಗೆ ಬೇಕು, ಕೇಳಿಸಿಕೊಳ್ಳಲು ನಂಬಿಕೆ ಬೇಕು. ಎರಡೂ ಇಲ್ಲದ ಕಡೆ ‘ಸೂಪರ್ ಸರ್’ ಎಂಬುದೇ ಸಭ್ಯತೆಯಾಗಿಬಿಡುತ್ತದೆ. ಚಪ್ಪಾಳೆಗೆ ಹೆದರುವವರು ಬೈಯುವ ರೋಗ ನನ್ನ ಲೆಕ್ಕದಲ್ಲಿ ಜಾಲತಾಣದ್ದಲ್ಲ, ಸಲಿಗೆಯಿಲ್ಲದ್ದರದು.

ಗಟ್ಟಿ ನಂಟು, ತೆಳು ನಂಟು

ಸಮಾಜಶಾಸ್ತ್ರಜ್ಞರು ಇದೇ ಮಾತನ್ನು ಬೇರೆ ಕಡೆಯಿಂದ ಹೇಳುತ್ತಾರೆ. ಮೈಕೇಲ್ ಫ್ಯಾರೆಲ್ 2001ರಲ್ಲಿ ಫ್ರಾನ್ಸಿನ ಇಂಪ್ರೆಶನಿಸ್ಟ್ ಚಿತ್ರಕಾರರಿಂದ ಹಿಡಿದು ಹಲವು ಬಳಗಗಳ ಬಾಳನ್ನು ಅಧ್ಯಯನ ಮಾಡಿ, ಅವು ಕೂಡುವ, ಹಿರಿಯರ ವಿರುದ್ಧ ಬಂಡೇಳುವ, ಹೊಸದನ್ನು ಹುಡುಕುವ, ಕೊನೆಗೆ ಒಡೆಯುವ ಹಂತಗಳನ್ನು ಗುರುತಿಸಿದರು. ಹೊಸ ಕೃತಿ ಹುಟ್ಟುವುದು ಬಹುತೇಕ ಇಡೀ ಬಳಗದಲ್ಲಲ್ಲ, ಅದರೊಳಗಿನ ಇಬ್ಬರ ನಡುವೆ ಎಂಬುದು ಅವರ ಕಾಣ್ಕೆ. ಹಾಗಾದರೆ ಐದು ಸಾವಿರ ಸದಸ್ಯರ ಫೇಸ್‌ಬುಕ್ ಗುಂಪು ಬಳಗವೇ ಅಲ್ಲ. ಬಳಗ ಹುಟ್ಟಬಹುದಾದ ಸಂತೆ.

ಸಂತೆಗೂ ಬೆಲೆಯಿದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೆಳು ನಂಟುಗಳ ಬಲದ ಬಗ್ಗೆ ಬರೆದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವರು ಅಷ್ಟಾಗಿ ಪರಿಚಯವಿಲ್ಲದವರು. ಕನ್ನಡದ ಅತಿ ದೊಡ್ಡ ತಿರುವೊಂದು ಇಂಥ ತೆಳು ನಂಟಿನದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆದು ತಂದಿದ್ದ ಯುವಕ ಪುಟ್ಟಪ್ಪನಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದರು. ಅವರೇನೂ ಕುವೆಂಪು ಅವರ ಬಳಗದವರಲ್ಲ, ಬಂದುಹೋದವರು. ಇವತ್ತು ಬೀದರಿನ ಒಬ್ಬ ಹುಡುಗ ತನ್ನ ಕಥೆಯನ್ನು ಉಡುಪಿಯ ಹಿರಿಯರೊಬ್ಬರ ಇನ್‌ಬಾಕ್ಸಿಗೆ ಕಳಿಸಬಲ್ಲ. ಸುತ್ತ ಕನ್ನಡ ಮಾತಾಡುವವರೇ ವಿರಳವಾಗಿರುವ ಬ್ರಿಟನ್ನಿನ ಕನ್ನಡಿಗರು ‘ಅನಿವಾಸಿ’ಯಂಥ ಜಾಲ ಬಳಗ ಕಟ್ಟಿಕೊಂಡು ಬರೆಯುತ್ತಿರುವುದಕ್ಕೂ ಇದೇ ಕಾರಣ. ಅಟ್ಟಕ್ಕೆ ಹತ್ತಲಾಗದವರಿಗೆ, ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಧಾರಾವಾಹಿಯ ಕಂತು ಬರೆಯುವ ಹೆಂಗಸಿಗೆ, ಈ ತೆಳು ನಂಟೇ ಮೊದಲ ಮೆಟ್ಟಿಲು. ಇದನ್ನು ನಗೆಚಾಟಿಕೆ ಮಾಡುವವರ ಹೆಸರುಗಳನ್ನು ನೋಡಿದರೆ ಬಹುತೇಕ ಅಟ್ಟ ಹತ್ತಲು ಯಾರನ್ನೂ ಕೇಳಬೇಕಿಲ್ಲದವರು.

ಸಂತೆಯಲ್ಲಿ ದೊಂಬಿಯೂ ಆಗುತ್ತದೆ. ಒಂದು ಕಾದಂಬರಿಯ ಬಗ್ಗೆ ಊರವರ ಸಿಟ್ಟು ಕಟ್ಟೆಯೊಡೆದು, 2015ರ ಜನವರಿಯಲ್ಲಿ ತಮಿಳಿನ ಪೆರುಮಾಳ್ ಮುರುಗನ್ ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿದ್ದು ಫೇಸ್‌ಬುಕ್ಕಿನಲ್ಲೇ. ಅವರ ಬೆಂಬಲಕ್ಕೆ ದೇಶದ ಬರಹಗಾರರು ದನಿಯೆತ್ತಿದ್ದಕ್ಕೂ ಜಾಲವೇ ಒಂದು ವೇದಿಕೆಯಾಯಿತು. ಕನ್ನಡದಲ್ಲಿ ದಿನನಿತ್ಯದ ಕಿರುಕುಳ ಇನ್ನೊಂದು ಬಗೆಯದು. ಬರೆದವರ ಹೆಸರು ಕಿತ್ತು ಕವಿತೆ ಮಾತ್ರ ಊರೂರು ಸುತ್ತಿ, ‘ಕೃಪೆ: ವಾಟ್ಸಾಪ್’ ಎಂಬ ಅಡಿಬರಹದೊಂದಿಗೆ ಬರೆದವರ ಫೋನಿಗೇ ವಾಪಸು ಬರುತ್ತದೆ.

ಜಾಗ ಯಾರದು?

ಇತ್ತೀಚೆಗೆ ಬಲಗೊಂಡ ನೆಲೆ ಇದು. ಬರಹಗಾರರು ಬಳಗ ಕಟ್ಟಿದ ನೆಲ ಅವರದಲ್ಲ. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿದಾಗ ಅಲ್ಲಿನ ಕನ್ನಡ ಗುಂಪುಗಳ ಮಾತುಕತೆಗಳೂ ಮುಗಿದವು. 2021ರಲ್ಲಿ ಕ್ಲಬ್‌ಹೌಸ್ ಆಂಡ್ರಾಯ್ಡ್ ಫೋನಿಗೆ ಬಂದಾಗ ಕನ್ನಡದ ಕವಿಗೋಷ್ಠಿಗಳು ರಾತ್ರಿಯೆಲ್ಲ ನಡೆದವು, ಲಾಕ್‌ಡೌನ್ ಮುಗಿಯುತ್ತಲೇ ಅವೂ ಕರಗಿದವು. 2022ರ ಕೊನೆಗೆ ಟ್ವಿಟರ್ ಕೈ ಬದಲಾದಾಗ ಇಂಗ್ಲಿಷಿನ ಬರಹಗಾರರು ಹತ್ತು ದಿಕ್ಕಿಗೆ ಚದುರಿದರು.

ಆದರೆ ಬಳಗದ್ದೇ ಆದ ಸಂಸ್ಥೆಯಿದ್ದರೆ ಸುರಕ್ಷಿತ ಎಂಬ ಉತ್ತರವನ್ನು ನ್ಯಾನೋರೈಮೋ ಗಂಟಲಲ್ಲೇ ತಡೆಯುತ್ತದೆ. ಅದು ಲಾಭಕ್ಕಲ್ಲದ ಸಂಸ್ಥೆಯಾಗಿತ್ತು. 2023ರ ಕೊನೆಗೆ ಅದರ ಚರ್ಚಾಕಟ್ಟೆಯಲ್ಲಿ ಎಳೆಯರ ಸುರಕ್ಷತೆಯ ಬಗ್ಗೆ ಗಂಭೀರ ದೂರುಗಳು ಬಂದವು. 2024ರ ಸೆಪ್ಟೆಂಬರಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಸಾರಾಸಗಟಾಗಿ ತಿರಸ್ಕರಿಸುವುದರಲ್ಲಿ ವರ್ಗಭೇದವೂ ಅಂಗವಿಕಲರ ಕಡೆಗಣನೆಯೂ ಇದೆ ಎಂಬ ಅರ್ಥದ ಹೇಳಿಕೆ ಕೊಟ್ಟು ತನ್ನ ಬರಹಗಾರರನ್ನೇ ಕೆರಳಿಸಿತು. ಡೇನಿಯಲ್ ಹೊಸೆ ಓಲ್ಡರ್ ಅವರಂಥ ಲೇಖಕರು ಅದರ ಮಂಡಳಿ ಬಿಟ್ಟರು. ಕೊನೆಗೆ ಹಣಕಾಸು ಕೈಕೊಟ್ಟಿತು. ನಾಲ್ಕಾರು ಗೆಳೆಯರ ನಡುವೆ ನಂಬಿಕೆಯಿಂದ ನಡೆಯುವ ಕೆಲಸವನ್ನು ಲಕ್ಷ ಜನರ ನಡುವೆ ನಡೆಸಲು ಕಾವಲು, ನಿಯಮ, ಸಂಬಳದ ಜನ ಬೇಕು. ವಾಟ್ಸಾಪ್ ಗುಂಪಿನ ಅಡ್ಮಿನ್ ಈ ಕೆಲಸವನ್ನು ಬಿಟ್ಟಿ ಮಾಡುತ್ತಾನೆ, ಸಾಕಾದ ದಿನ ಗುಂಪನ್ನೇ ಮುಚ್ಚುತ್ತಾನೆ.

ವಾಟ್‌ಪ್ಯಾಡ್, ಪ್ರತಿಲಿಪಿಗಳ ಮಾತು ಬೇರೆ. ಅಲ್ಲಿ ಓದು ಆದಾಯದ ಮೂಲ. 2021ರಲ್ಲಿ ಕೊರಿಯಾದ ನೇವರ್ ಕಂಪನಿ ವಾಟ್‌ಪ್ಯಾಡನ್ನು 60 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ಹಣದ ಹಿಂದೆ ಇದ್ದದ್ದು ಬಿಡಿ ಬಿಡಿ ಬರಹಗಾರರ, ಅವರಿಗೆ ಬೆನ್ನು ತಟ್ಟಿದ ಓದುಗರ ಶ್ರಮ ಎನ್ನುವವರಿದ್ದಾರೆ. ಕಂತು ಬಾಕಿಯಿದ್ದರೆ ಓದುಗ ಮತ್ತೆ ಬರುತ್ತಾನೆ, ಆದ್ದರಿಂದ ಕಥೆ ಮುಗಿಯದಿರುವುದೇ ಲಾಭ. ಇದು ಹೊಸದೇನಲ್ಲ, ವಾರಪತ್ರಿಕೆಯ ಧಾರಾವಾಹಿಗಳೂ ಹೀಗೆಯೇ ಹಿಗ್ಗುತ್ತಿದ್ದವು.

ತೀರ್ಮಾನವಾಗದವು

ಮೊದಲಿಗೆ ನಾನು ಹೇಳಿದ ಹಂತಗಳ ಲೆಕ್ಕ ಎಲ್ಲವನ್ನೂ ಬಿಡಿಸುವುದಿಲ್ಲ. ಬರೆಯುವಾಗಿನ ಒಡನಾಟ ಒಳ್ಳೆಯದು, ಬರೆಯುವ ಮುಂಚಿನ ಘೋಷಣೆ ಕೆಟ್ಟದ್ದು, ಬರೆದ ಮೇಲಿನ ಚಪ್ಪಾಳೆ ಅರೆಬರೆ ಎಂದು ಗೆರೆ ಎಳೆದರೂ, ಧಾರಾವಾಹಿ ಬರೆಯುವವರಿಗೆ ಮೂರೂ ಒಟ್ಟಿಗೆ ಬರುತ್ತವೆ. ನಿನ್ನೆಯ ಕಂತಿಗೆ ಬಂದ ಲೈಕೇ ನಾಳೆಯ ಕಂತಿನ ಸಾಕ್ಷಿ. ಅಲ್ಲಿ ಯಾವುದು ಗೆಲ್ಲುತ್ತದೆ ಎಂದು ಅಮಾಬಿಲೆ ಅವರ ಪ್ರಯೋಗವೂ ಹೇಳದು, ಅರಾಗಾನ್ ಅವರ ಲೆಕ್ಕವೂ ಹೇಳದು.

ಹೆಚ್ಚು ಬರೆಯುವುದಕ್ಕೂ ಚೆನ್ನಾಗಿ ಬರೆಯುವುದಕ್ಕೂ ನಡುವಿನ ನಂಟು ಎರಡನೆಯ ಗಂಟು. ಪದಗಳನ್ನು ಎಣಿಸುವುದು ಸುಲಭ. ಬಾಯ್ಸ್ ಎಣಿಸಿದ್ದು ಪುಟ ಮತ್ತು ಯೋಚನೆ, ಅರಾಗಾನ್ ಎಣಿಸಿದ್ದು ಪದವೈವಿಧ್ಯ. ಎರಡರಲ್ಲೂ ‘ಗರತಿಯ ಹಾಡು’ ಸೋತುಹೋದೀತು. ಜೊತೆಗೆ, ಯಾವ ಗುಂಪಿಗೂ ಸೇರದೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಶಿವರಾಮ ಕಾರಂತರಂಥವರನ್ನು ಯಾವ ಕಟ್ಟಿನಲ್ಲಿ ಇಡುವುದು?

ಎಂದೂ ಮುಖಾಮುಖಿಯಾಗದ ಇಬ್ಬರ ನಡುವೆ ಫ್ಯಾರೆಲ್ ಹೇಳುವ ಬಗೆಯ ಸಲಿಗೆ ಹುಟ್ಟುತ್ತದೆಯೇ? ಅಂಚೆಯ ಕಾಲದ ಪತ್ರಸ್ನೇಹಗಳು ಹೌದು ಎನ್ನುತ್ತವೆ. ಆದರೆ ಪತ್ರವನ್ನು ಮೂರನೆಯವನು ಓದುತ್ತಿರಲಿಲ್ಲ, ಪತ್ರಕ್ಕೆ ಕಾಯಬೇಕಿತ್ತು. ಈಗ ಕರಡು ಕಳಿಸಿದ ಗಳಿಗೆಯಲ್ಲೇ ಯಂತ್ರ ಅಭಿಪ್ರಾಯ ಬರೆದುಕೊಡುತ್ತದೆ, ಬೇಸರವಿಲ್ಲದೆ, ಮುಯ್ಯಿ ಕೇಳದೆ. ಬಳಗದಿಂದ ಜನ ಬಯಸುತ್ತಿದ್ದದ್ದು ಬರೀ ತಿದ್ದುಪಡಿಯಾಗಿದ್ದರೆ ಬಳಗಗಳು ಸೊರಗಬೇಕು, ಜೊತೆಯಾಗಿದ್ದರೆ ಉಳಿಯಬೇಕು. ಯಾವುದೆಂದು ಹೇಳಲು ಇನ್ನೂ ಕೆಲವು ವರ್ಷ ಬೇಕು.

ಇನ್ನು, ಮೇಲೆ ಹೆಸರಿಸಿದ ಜಾಲದ ಅಧ್ಯಯನಗಳ ಒಂದು ಕುರುಡು ಜಾಗ. ಅವು ನೋಡಿದ್ದು ಪೋಸ್ಟು ಹಾಕುತ್ತಲೇ ಇದ್ದವರನ್ನು, ಪ್ರತಿಕ್ರಿಯೆ ಬರುತ್ತಲೇ ಇದ್ದವರನ್ನು. ಗುಂಪಿನಿಂದ ಸದ್ದಿಲ್ಲದೆ ಹೊರಬಿದ್ದವರು ಯಾರ ಅಂಕಿಯಲ್ಲೂ ಇಲ್ಲ. ಅವರು ಬರೆಯುವುದನ್ನೇ ಬಿಟ್ಟರೋ, ಅಥವಾ ಹೊರಬಿದ್ದ ಮೇಲೆಯೇ ಬರೆಯಲು ಕೂತರೋ ಎಂದು ತಿಳಿಯದೆ ಈ ಬಳಗಗಳ ಲಾಭನಷ್ಟದ ಲೆಕ್ಕ ಮುಗಿಯುವಂತಿಲ್ಲ.